ಐವತ್ತರ ಅಂಚಿನಲ್ಲಿ ಕೆಲಸ ಹುಡುಕುವಾಗ ನರೆಗೂದಲಿಗೆ ಬಣ್ಣ ಹಚ್ಚಬೇಕೇ?

ಹಾಸನದ ಲೆಕ್ಕಿಗ

ಎಲ್ಲರಿಗೂ ನಮಸ್ಕಾರ. ನನಗೀಗ 49 ವರ್ಷ. ಹಾಸನದ ಕೈಗಾರಿಕಾ ಪ್ರದೇಶದ ಘಟಕವೊಂದರಲ್ಲಿ ಬಹುಕಾಲ ಲೆಕ್ಕಪತ್ರ ವಿಭಾಗವನ್ನು ನೋಡಿಕೊಂಡಿದ್ದೆ. ಆ ಘಟಕದವರು ಕಚೇರಿ ಕೆಲಸವನ್ನೆಲ್ಲ ಬೇರೆ ರಾಜ್ಯಕ್ಕೆ ಸಾಗಿಸಿದ ಮೇಲೆ ನಾವು ಕೆಲವರು ಹೊರಗೆ ಬರಬೇಕಾಯಿತು. ಟ್ಯಾಲಿ, ಜಿ.ಎಸ್‌.ಟಿ. ರಿಟರ್ನು, ಇ-ವೇ ಬಿಲ್ಲು, ಆಡಿಟ್ಟು ಇವೆಲ್ಲ ಪಳಗಿದ ಕೆಲಸಗಳಾದ್ದರಿಂದ ಕೆಲಸದ ಬಗ್ಗೆ ನನಗೆ ಅಳುಕಿಲ್ಲ. ಅಳುಕಿರುವುದು ತಲೆಗೂದಲಿನ ಬಗ್ಗೆ. ನಮ್ಮ ತಂದೆಯವರಂತೆ ನನಗೂ ಮೂವತ್ತೈದು ದಾಟುವಾಗಲೇ ನರೆ ಶುರುವಾಯಿತು. ಈಗ ತಲೆ ಮುಕ್ಕಾಲು ಪಾಲು ಬೆಳ್ಳಗಿದೆ. ಇದುವರೆಗೆ ಬಣ್ಣ ಹಚ್ಚಿದವನಲ್ಲ.

ಬೆಂಗಳೂರಿನಲ್ಲಿರುವ ಭಾವಮೈದ ಹೇಳುತ್ತಾನೆ: “ಭಾವ, ಅಲ್ಲಿ ಬಯೋಡೇಟಾ ಓದುವ ಮೊದಲು ತಲೆ ನೋಡುತ್ತಾರೆ, ಡೈ ಹಾಕಿಸಿಕೊಂಡೇ ಬನ್ನಿ.” ಮನೆಯವರು ಇದ್ದ ಹಾಗೆಯೇ ಇರಿ ಎನ್ನುತ್ತಾರೆ. ಅರ್ಜಿ ಹಾಕಿರುವುದು ಎರಡು ಕಡೆಗೆ: ಬೆಂಗಳೂರಿನ ಕಂಪನಿ ಕಚೇರಿಗಳಿಗೆ, ಮತ್ತು ಇಲ್ಲಿಯೇ ಹಾಸನ, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಘಟಕಗಳಿಗೆ, ಅಂದರೆ ಬೆಳೆಗಾರರ ಕಾಫಿಯ ಸಿಪ್ಪೆ ತೆಗೆದು ಬೀಜವನ್ನು ವಿಂಗಡಿಸಿ ಕೊಡುವ ಕಡೆಗೆ. ಬಣ್ಣ ಹಚ್ಚಿದರೆ ನಿಜವಾಗಿಯೂ ಪ್ರಯೋಜನವಿದೆಯೇ, ಹಚ್ಚುವುದು ಒಂದು ಬಗೆಯ ಮೋಸವಾಗುವುದಿಲ್ಲವೇ, ಒಮ್ಮೆ ಹಿಡಿದರೆ ಬಿಡಲಾಗದ ಅಭ್ಯಾಸವಾಗಿಬಿಡುತ್ತದೆಯೇ ಎಂಬುದನ್ನು ಅನುಭವ ಇರುವವರು ತಿಳಿಸಬೇಕೆಂದು ಕೋರುತ್ತೇನೆ.

ನೇಮಕಾತಿ ವಿಭಾಗ, ಚಿಕ್ಕಮಗಳೂರು

ಸರ್, ನಾನು ಮೊದಲು ಸಿದ್ಧ ಉಡುಪು ಕಾರ್ಖಾನೆಗೆ, ಈಗ ಊರಿನಿಂದಲೇ ಬೆಂಗಳೂರಿನ ಕಚೇರಿಗಳಿಗೆ ಜನರನ್ನು ಆಯ್ಕೆ ಮಾಡಿಕೊಡುವ ಕೆಲಸದಲ್ಲಿದ್ದೇನೆ. ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ: ವ್ಯತ್ಯಾಸ ಇದೆ. ಇಲ್ಲವೆಂದು ಹೇಳಿದರೆ ನಿಮಗೆ ಸಮಾಧಾನವಾಗಬಹುದು, ಉಪಕಾರವಾಗದು. ಆದರೆ ಆ ವ್ಯತ್ಯಾಸ ಇರುವುದು ಮೊದಲ ಸುತ್ತಿನಲ್ಲಿ ಮಾತ್ರ, ಅದೂ ಸಂದರ್ಶನ ಮಾಡುವವರು ಮೂವತ್ತರ ಆಸುಪಾಸಿನವರಾಗಿದ್ದಾಗ.

ಅವರು ನಿಮ್ಮ ಕೂದಲನ್ನು ನೋಡಿ ಬೇಡವೆನ್ನುವುದಿಲ್ಲ. ಕೂದಲನ್ನು ಕಂಡೊಡನೆ ಅವರ ಮನಸ್ಸಿನಲ್ಲಿ ಕೆಲವು ಸಂಶಯಗಳು ತಾವಾಗಿಯೇ ಏಳುತ್ತವೆ. ಇವರು ಹೆಚ್ಚು ಸಂಬಳ ಕೇಳುತ್ತಾರೇನೋ, ತಮಗಿಂತ ಹದಿನೈದು ವರ್ಷ ಚಿಕ್ಕವರಾದ ಮ್ಯಾನೇಜರ್ ಹೇಳಿದ್ದನ್ನು ಕೇಳುತ್ತಾರೋ ಇಲ್ಲವೋ, ಹೊಸ ಸಾಫ್ಟ್‌ವೇರ್ ಕಲಿಯಲು ಒಪ್ಪುತ್ತಾರೋ ಇಲ್ಲವೋ, ತಿಂಗಳ ಕೊನೆಯಲ್ಲಿ ರಾತ್ರಿ ಹೊತ್ತಾದರೆ ತಾಳಿಕೊಳ್ಳುತ್ತಾರೋ ಇಲ್ಲವೋ. ಇವುಗಳಲ್ಲಿ ಒಂದನ್ನೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳದೆಯೇ ತಮ್ಮಷ್ಟಕ್ಕೆ ಉತ್ತರ ಬರೆದುಕೊಳ್ಳುತ್ತಾರೆ. ನನ್ನನ್ನು ಕಾಡುವ ಅನ್ಯಾಯ ಇದೇ. ಬಣ್ಣ ಹಚ್ಚಿದರೆ ಈ ಸಂಶಯಗಳು ಏಳುವುದು ಸ್ವಲ್ಪ ತಡವಾಗುತ್ತದೆ, ಅಷ್ಟೇ. ಸಿಕ್ಕ ಆ ಬಿಡುವಿನಲ್ಲಿ ನೀವು ಮಾತಿನ ಮೂಲಕ ಅವಕ್ಕೆ ಉತ್ತರ ಕೊಡದಿದ್ದರೆ ಹಚ್ಚಿದ ಬಣ್ಣದಿಂದ ಏನೂ ಆಗುವುದಿಲ್ಲ. ಜಿ.ಎಸ್‌.ಟಿ. 2017ರ ಜುಲೈನಲ್ಲಿ ಬಂದಾಗ ಹಳೆಯ ವ್ಯಾಟ್ ಲೆಕ್ಕದಿಂದ ಹೊಸ ಪದ್ಧತಿಗೆ ನಿಮ್ಮ ಘಟಕವನ್ನು ಹೇಗೆ ದಾಟಿಸಿದಿರಿ ಎಂಬುದನ್ನು ಕೇಳದಿದ್ದರೂ ಹೇಳಿ. ಕಲಿಯಬಲ್ಲವರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನಿಮ್ಮಲ್ಲಿ ಬೇರೆ ಇರಲಾರದು. ಚಿಕ್ಕ ವಯಸ್ಸಿನ ಮೇಲಧಿಕಾರಿಯ ಕೈಕೆಳಗೆ ಕೆಲಸ ಮಾಡಿದ್ದಿದ್ದರೆ ಅದನ್ನೂ ಸಹಜವಾಗಿ ಮಾತಿನ ನಡುವೆ ತನ್ನಿ.

ಇನ್ನೊಂದು ಮಾತು. ಬಹಳ ಮಂದಿ ಲಿಂಕ್ಡ್‌ಇನ್, ನೌಕ್ರಿ ತಾಣಗಳಲ್ಲಿ ಹತ್ತು ವರ್ಷ ಹಳೆಯ ಫೋಟೋ ಹಾಕಿರುತ್ತಾರೆ. ಕಪ್ಪು ತಲೆಯ ಫೋಟೋ ನೋಡಿ ಕರೆದವರಿಗೆ ಬಿಳಿ ತಲೆಯವರು ಎದುರಾದರೆ, ಆ ವ್ಯತ್ಯಾಸವೇ ಕೆಡುಕು ಮಾಡುತ್ತದೆ. ಹಚ್ಚಿದರೂ ಬಿಟ್ಟರೂ ಫೋಟೋ ಈಗಿನದೇ ಇರಲಿ. ವಿಡಿಯೋ ಸಂದರ್ಶನವಾದರೆ ಕಿಟಕಿಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳಬೇಡಿ. ಹಿಂದಿನಿಂದ ಬೆಳಕು ಬಿದ್ದರೆ ಮುಖ ಮಂಕಾಗಿ ಬಿಳಿ ಕೂದಲ ಅಂಚು ಮಾತ್ರ ಹೊಳೆಯುತ್ತದೆ. ಕಿಟಕಿಗೆ ಮುಖ ಮಾಡಿ ಕುಳಿತುಕೊಳ್ಳಿ.

ಸಾಲಗಾಮೆ ರಸ್ತೆಯ ನಿವೃತ್ತರು

ಲೆಕ್ಕಿಗರೇ, ನಿಮ್ಮ ಮನೆಯವರ ಮಾತೇ ಸರಿ ಎಂದು ನನಗೆ ಅನ್ನಿಸುತ್ತದೆ. ಇಪ್ಪತ್ತೈದು ವರ್ಷ ಒಂದು ಲೆಕ್ಕವೂ ತಪ್ಪದಂತೆ ನೋಡಿಕೊಂಡ ವ್ಯಕ್ತಿ ತನ್ನ ವಯಸ್ಸನ್ನು ಮರೆಮಾಚಿ ಬಾಗಿಲು ತಟ್ಟಬೇಕೆಂದರೆ ಕೆಲಸ ಕೊಡುವವರೇ ತಲೆ ತಗ್ಗಿಸಬೇಕು. ಐವತ್ತರ ಮುಖಕ್ಕೆ ಇಪ್ಪತ್ತರ ಕಡುಗಪ್ಪು ಕೂದಲು ಹಳೆಯ ಗೋಡೆಯ ಅರ್ಧಕ್ಕೆ ಮಾತ್ರ ಸುಣ್ಣ ಹೊಡೆದಂತೆ ಕಾಣುತ್ತದೆ. ರಜನೀಕಾಂತ್ ಅವರು ತೆರೆಯ ಹೊರಗೆ ಬಣ್ಣವಿಲ್ಲದೆ, ಇರುವ ಹಾಗೆಯೇ ಜನರ ಮುಂದೆ ಬರುತ್ತಾರೆ. ಅವರ ಘನತೆಗೆ ಅದರಿಂದ ಏನು ಕುಂದು ಬಂದಿದೆ?

ನೇಮಕಾತಿ ವಿಭಾಗ, ಚಿಕ್ಕಮಗಳೂರು

ಹಿರಿಯರ ಮಾತನ್ನು ಗೌರವಿಸುತ್ತೇನೆ. ಆದರೆ ರಜನೀಕಾಂತ್ ಅವರು ತಮ್ಮ ಮುಂದಿನ ತಿಂಗಳ ಮನೆ ಖರ್ಚಿಗಾಗಿ ಅಪರಿಚಿತರ ಎದುರು ಕುಳಿತು ಸಂದರ್ಶನ ಕೊಡಬೇಕಾಗಿಲ್ಲ. ಲೆಕ್ಕಿಗರು ಕೊಡಬೇಕಾಗಿದೆ.

ಮೋಸದ ಪ್ರಶ್ನೆಗೆ ಬರುತ್ತೇನೆ. ನಮ್ಮ ಕಡೆ ಯಾವ ಕಂಪನಿಯೂ ಎಸ್‌.ಎಸ್‌.ಎಲ್‌.ಸಿ. ಅಂಕಪಟ್ಟಿ, ಆಧಾರ್, ಪ್ಯಾನ್ ಇಲ್ಲದೆ ನೇಮಕ ಮಾಡಿಕೊಳ್ಳುವುದಿಲ್ಲ. ಭವಿಷ್ಯ ನಿಧಿಯ ಖಾತೆ ಆಧಾರ್‌ಗೆ ಜೋಡಣೆಯಾಗಿದೆ, ಅದರಲ್ಲಿ ಹುಟ್ಟಿದ ದಿನಾಂಕವಿದೆ. ವಯಸ್ಸು ಅವರ ಕಡತದಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಹುಟ್ಟಿದ ದಿನಾಂಕವನ್ನು ತಿದ್ದಿದರೆ ಅದು ಸುಳ್ಳು, ಅದರಿಂದ ಕೆಲಸವೂ ಹೋಗುತ್ತದೆ. ಕೂದಲಿಗೆ ಬಣ್ಣ ಹಚ್ಚಿದವರು ಯಾರಿಗೂ ಯಾವ ಸುಳ್ಳನ್ನೂ ಹೇಳಿದಂತಾಗುವುದಿಲ್ಲ.

ಕಾನೂನಿನ ನೆರವು ಇದೆಯೇ ಎಂದು ಹಲವರು ನನ್ನನ್ನು ಕೇಳುತ್ತಾರೆ. ಅಮೆರಿಕದಲ್ಲಿ 40 ವರ್ಷ ದಾಟಿದವರನ್ನು ವಯಸ್ಸಿನ ಕಾರಣಕ್ಕೆ ಕೆಲಸದಲ್ಲಿ ತಾರತಮ್ಯ ಮಾಡುವುದನ್ನು ತಡೆಯುವ ಕಾಯ್ದೆ 1967ರಲ್ಲಿಯೇ ಬಂದಿದೆ. ನಮ್ಮ ಸಂವಿಧಾನದ 16ನೆಯ ವಿಧಿ ಸರ್ಕಾರಿ ಉದ್ಯೋಗಕ್ಕೆ ಸಂಬಂಧಿಸಿದ್ದು. ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಮೊದಲಾದವುಗಳ ಆಧಾರದ ಮೇಲೆ ತಾರತಮ್ಯ ಕೂಡದೆಂದು ಹೇಳುವ ಆ ವಿಧಿಯಲ್ಲಿ ವಯಸ್ಸಿನ ಹೆಸರಿಲ್ಲ. ಖಾಸಗಿ ಕಚೇರಿಯೊಂದು ನಿಮ್ಮ ವಯಸ್ಸನ್ನು ನೋಡಿ ಕೈಬಿಟ್ಟರೆ ಕೇಳುವವರಿಲ್ಲ. ಬದಲಾಗಬೇಕು, ಖಂಡಿತ ಬದಲಾಗಬೇಕು. ಬದಲಾಗುವವರೆಗೆ ಹೊಟ್ಟೆಪಾಡು ಕಾಯುವುದಿಲ್ಲವಲ್ಲ.

ಮೂಡಿಗೆರೆ ತೋಟದವರು

ನಮ್ಮ ಕಡೆಯ ವಿಷಯ ಇದಕ್ಕೆ ತಿರುವುಮುರುವು ಎಂದು ಹೇಳಬೇಕಾಗಿದೆ. ನಾನು ಮೂಡಿಗೆರೆ ತಾಲ್ಲೂಕಿನಲ್ಲಿ ಕಾಫಿ ತೋಟದ ಮ್ಯಾನೇಜರ್ ಆಗಿದ್ದೇನೆ. ರೈಟರ್ (ತೋಟದ ಹಾಜರಿ, ಲೆಕ್ಕ ಬರೆಯುವವರು) ಕೆಲಸಕ್ಕೂ ಮೇಸ್ತ್ರಿ ಕೆಲಸಕ್ಕೂ ಜನರನ್ನು ನೋಡುವ ಜವಾಬ್ದಾರಿ ನನ್ನದೇ. ತೋಟದಲ್ಲಿ ಬಿಳಿ ತಲೆಯನ್ನು ನೋಡಿ ಯಾರೂ ಹಿಂದೆಗೆಯುವುದಿಲ್ಲ. ಅರೇಬಿಕಾ ಕಾಫಿ ಗಿಡಕ್ಕೆ ಬಿಳಿ ಕಾಂಡಕೊರಕ ಎಂಬ ಹುಳು ಬಿದ್ದಿರುವುದನ್ನು ಎಲೆ ಹಳದಿಯಾಗುವ ಮೊದಲೇ ತೊಗಟೆಯ ಏರುಗೆರೆ ನೋಡಿ ಗುರುತಿಸುವವರು, ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಯಾವ ದಿನ ಶುರು ಮಾಡಬೇಕೆಂದು ತಿಳಿದವರು, ನಾಲ್ಕು ಕೊಯ್ಲಿನ ಕಾಲ ಕಂಡವರೇ ಆಗಿರುತ್ತಾರೆ. ಅಂಥವರಿಗೆ ನರೆ ಬಂದಿರುವುದು ಸಹಜ, ಅದು ಒಂದು ಬಗೆಯ ನೆಚ್ಚಿಕೆಯನ್ನೂ ಹುಟ್ಟಿಸುತ್ತದೆ.

ತೋಟದ ಯಜಮಾನರು ನೋಡುವುದು ಮೊಣಕಾಲನ್ನು. ಸಂದರ್ಶನವೆಂದರೆ ಬಂಗಲೆಯ ಜಗಲಿಯಲ್ಲಿ ಕಾಲು ಗಂಟೆ ಮಾತು, ಆಮೇಲೆ ಇಳಿಜಾರಿನ ತೋಟದಲ್ಲಿ ಒಂದು ಸುತ್ತು. ಆ ಸುತ್ತಿನಲ್ಲಿ ಏದುಸಿರು ಬಿಡದೆ ನಡೆಯುತ್ತ, ಅಸ್ಸಾಮಿನಿಂದ ಬಂದ ಕೆಲಸಗಾರರೊಡನೆ ನಾಲ್ಕು ಮಾತು ಹಿಂದಿಯಲ್ಲಿ ಆಡಬಲ್ಲವರಾದರೆ ಅರ್ಧ ಕೆಲಸವಾದಂತೆಯೇ. ಈಗ ಇನ್ನೊಂದು ಬಗೆಯ ತಿಳಿವಳಿಕೆಗೂ ಬೆಲೆ ಬಂದಿದೆ. ಐರೋಪ್ಯ ಒಕ್ಕೂಟ ಅರಣ್ಯನಾಶದ ವಿರುದ್ಧ 2023ರಲ್ಲಿ ನಿಯಮ ತಂದ ಮೇಲೆ ಅಲ್ಲಿಗೆ ಹೋಗುವ ಕಾಫಿ ಯಾವ ತೋಟದ ಯಾವ ಜಾಗದಲ್ಲಿ ಬೆಳೆದದ್ದು ಎಂಬ ದಾಖಲೆಯ ಮಾತು ಎಲ್ಲೆಡೆ ಶುರುವಾಗಿದೆ. ಮೊಬೈಲಿನಲ್ಲಿ ತೋಟದ ಗಡಿಯನ್ನು ಗುರುತಿಸಿ ಕೊಡಬಲ್ಲ ಐವತ್ತರ ಮ್ಯಾನೇಜರ್ ಸಿಕ್ಕರೆ ಯಜಮಾನರು ಕೂದಲಿನ ಬಣ್ಣದ ಬಗ್ಗೆ ಯೋಚಿಸುವುದೂ ಇಲ್ಲ.

ಕ್ಯೂರಿಂಗ್ ಘಟಕಗಳಲ್ಲಿಯೂ, ನಾನು ಕಂಡ ಮಟ್ಟಿಗೆ, ಲೆಕ್ಕದ ಮನೆಯಲ್ಲಿ ಹಿರಿಯರಿಗೇ ಹೆಚ್ಚು ಭರವಸೆ. ಬೆಳೆಗಾರರ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ), ಚೆರ‍್ರಿ (ಸಿಪ್ಪೆಯೊಡನೆಯೇ ಒಣಗಿಸಿದ ಹಣ್ಣು) ಚೀಲಗಳ ಲೆಕ್ಕ, ಔಟ್‌ಟರ್ನ್ (ಅವುಗಳಿಂದ ಸಿಕ್ಕ ಶುದ್ಧ ಬೀಜದ ಪ್ರಮಾಣ), ತೂಕದ ವ್ಯತ್ಯಾಸ ಇವುಗಳ ಬಗ್ಗೆ ಜಗಳಕ್ಕೆ ಬಂದ ಬೆಳೆಗಾರರ ಎದುರು ಕುಳಿತು ಸಮಾಧಾನವಾಗಿ ವಿವರಿಸುವವರಿಗೆ ಸ್ವಲ್ಪ ನರೆ ಇದ್ದರೆ ಒಳ್ಳೆಯದೇ.

ಹಾಸನದ ಲೆಕ್ಕಿಗ

ನೀವು ಹೇಳಿದ್ದನ್ನು ಓದಿದ ಮೇಲೆ ನನ್ನ ತೊಡಕು ಹೆಚ್ಚಾಯಿತು. ಬೆಂಗಳೂರಿಗೆ ಕಪ್ಪು ತಲೆ ಬೇಕು, ಚಿಕ್ಕಮಗಳೂರಿಗೆ ಬಿಳಿ ತಲೆಯಿದ್ದರೆ ಒಳ್ಳೆಯದು. ಇರುವುದು ಒಂದೇ ತಲೆ. ಯಾವುದಕ್ಕೆ ಒಲಿಯಬೇಕು?

ಅರಸೀಕೆರೆಯ ಶಿಕ್ಷಕಿ

ಸರ್, ತೂಗಿ ನೋಡುವ ಮೊದಲು ಹೆಣ್ಣುಮಕ್ಕಳ ಕಡೆಯಿಂದ ಒಂದು ಮಾತು. ಮಕ್ಕಳು ದೊಡ್ಡವರಾಗುವವರೆಗೆ ಮನೆಯಲ್ಲಿದ್ದು, 46ನೆಯ ವಯಸ್ಸಿನಲ್ಲಿ ಮತ್ತೆ ಖಾಸಗಿ ಶಾಲೆಯ ಕೆಲಸಕ್ಕೆ ಹೊರಟವಳು ನಾನು. ಗಂಡಸರ ನರೆಯನ್ನು ಅನುಭವವೆಂದೂ, ಹೆಂಗಸರ ನರೆಯನ್ನು ಅಲಕ್ಷ್ಯವೆಂದೂ ನೋಡುವ ಕಣ್ಣುಗಳೇ ಹೆಚ್ಚು. ಒಂದು ಶಾಲೆಯ ಆಡಳಿತದವರು ನನ್ನ ಪಾಠವನ್ನು ನೋಡುವ ಮೊದಲೇ “ಮೇಡಂ, ಚಿಕ್ಕ ಮಕ್ಕಳ ಹಿಂದೆ ಓಡಾಡುವುದಕ್ಕೆ ನಿಮ್ಮಿಂದ ಆಗುತ್ತದೆಯೇ?” ಎಂದು ಕೇಳಿದರು. ಅದೇ ದಿನ ಅದೇ ಹುದ್ದೆಗೆ ಬಂದಿದ್ದ, ನನಗಿಂತ ಹಿರಿಯರಾದ, ತಲೆಗೆ ಬಣ್ಣ ಹಚ್ಚಿಕೊಂಡಿದ್ದ ಶಿಕ್ಷಕಿಯೊಬ್ಬರಿಗೆ ಆ ಪ್ರಶ್ನೆ ಬರಲಿಲ್ಲ ಎಂಬುದನ್ನು ಅವರೇ ಹೊರಗೆ ಬಂದು ಹೇಳಿದರು. ಆ ಶಿಕ್ಷಕಿಯ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಅವರು ತಮ್ಮ ದಾರಿ ನೋಡಿಕೊಂಡಿದ್ದರು.

ನನಗೆ ಆ ದಾರಿ ಮುಚ್ಚಿದೆ. ಬಣ್ಣ ಹಚ್ಚಿದ ಎರಡನೆಯ ದಿನ ಹಣೆ, ಕಿವಿ, ಕಣ್ಣಿನ ರೆಪ್ಪೆಗಳೆಲ್ಲ ಊದಿಕೊಂಡು ವೈದ್ಯರ ಬಳಿಗೆ ಹೋಗಬೇಕಾಯಿತು. ಇನ್ನು ಮುಂದೆ ಈ ವಸ್ತುವನ್ನು ಮುಟ್ಟಲೇಬಾರದೆಂದು ಅವರು ಖಡಾಖಂಡಿತವಾಗಿ ಹೇಳಿದ್ದಾರೆ. ಆದ್ದರಿಂದ ಇಲ್ಲಿ ಓದುತ್ತಿರುವವರಲ್ಲಿ ಯಾರಾದರೂ ಬಣ್ಣವೇ ಏಕೈಕ ಉಪಾಯವೆಂದು ತಿಳಿಯುವುದು ಬೇಡ. ನಾನು ಕೂದಲನ್ನು ಭುಜದ ಮೇಲಕ್ಕೆ ನೀಟಾಗಿ ಕತ್ತರಿಸಿಕೊಂಡು, ಒಳ್ಳೆಯ ಕಾಟನ್ ಸೀರೆಯನ್ನು ಇಸ್ತ್ರಿ ಮಾಡಿ ಉಟ್ಟುಕೊಂಡು ಹೋಗುತ್ತೇನೆ. ಪಾಠದ ಮಾದರಿಯೊಂದನ್ನು ಮೊದಲೇ ಸಿದ್ಧ ಮಾಡಿಕೊಂಡು, ಅವರು ಕೇಳುವ ಮೊದಲೇ ತರಗತಿಯಲ್ಲಿ ಪಾಠ ಮಾಡಿ ತೋರಿಸುತ್ತೇನೆಂದು ಹೇಳುತ್ತೇನೆ. ಈಗ ಕೆಲಸದಲ್ಲಿರುವ ಶಾಲೆ ಸಿಕ್ಕಿದ್ದು ಹಾಗೆ.

ಸಕಲೇಶಪುರ ಫಾರ್ಮಸಿ

ಮೇಡಂ ಬರೆದದ್ದನ್ನು ಯಾರೂ ಲಘುವಾಗಿ ತೆಗೆದುಕೊಳ್ಳಬಾರದು. ಔಷಧಿ ಅಂಗಡಿಯಲ್ಲಿ ಡೈ ಕೊಳ್ಳುವವರಲ್ಲಿ ಪೊಟ್ಟಣದ ಮೇಲಿನ ಎಚ್ಚರಿಕೆಯನ್ನು ಓದುವವರನ್ನು ನಾನು ಕಂಡಿರುವುದು ಬಹಳ ಅಪರೂಪ.

ಬಹುಪಾಲು ಕಪ್ಪು ಬಣ್ಣಗಳಲ್ಲಿ ಕೆಲಸ ಮಾಡುವುದು ಪ್ಯಾರಾ ಫಿನಿಲೀನ್ ಡಯಮೀನ್, ಅಂದರೆ ಪಿ.ಪಿ.ಡಿ. ಎಂಬ ರಾಸಾಯನಿಕ. ಅಮೋನಿಯಾ ಕೂದಲಿನ ಹೊರಪದರವನ್ನು ಉಬ್ಬಿಸಿ ದಾರಿ ಮಾಡುತ್ತದೆ, ಪಿ.ಪಿ.ಡಿ.ಯ ಸಣ್ಣ ಕಣಗಳು ಒಳಗೆ ಹೋಗಿ, ಹೈಡ್ರೋಜನ್ ಪೆರಾಕ್ಸೈಡ್‌ನೊಂದಿಗೆ ಸೇರಿ ದೊಡ್ಡ ಬಣ್ಣದ ಕಣಗಳಾಗುತ್ತವೆ. ದೊಡ್ಡದಾದ ಮೇಲೆ ಹೊರಗೆ ಬರಲಾಗದೆ ಅಲ್ಲಿಯೇ ಉಳಿಯುತ್ತವೆ, ಆದ್ದರಿಂದಲೇ ತೊಳೆದರೂ ಬಣ್ಣ ಹೋಗುವುದಿಲ್ಲ. ಇದೇ ಪಿ.ಪಿ.ಡಿ. ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ವರ್ಷಗಟ್ಟಲೆ ತೊಂದರೆಯಿಲ್ಲದೆ ಹಚ್ಚಿಕೊಂಡವರಿಗೂ ಒಂದು ದಿನ ಇದ್ದಕ್ಕಿದ್ದಂತೆ ಅಲರ್ಜಿ ಶುರುವಾಗಬಹುದು. ಹಾಗಾಗಿ ಮೊದಲು ಕಿವಿಯ ಹಿಂದೆ ಅಥವಾ ಮೊಣಕೈಯ ಒಳಮಡಿಕೆಯಲ್ಲಿ ಸ್ವಲ್ಪವೇ ಹಚ್ಚಿ 48 ಗಂಟೆ ಕಾಯಬೇಕು. ತುರಿಕೆ, ಕೆಂಪು, ಊತ ಯಾವುದು ಕಂಡರೂ ಆ ಪೊಟ್ಟಣವನ್ನು ಬಿಸಾಡಬೇಕು.

‘ಅಮೋನಿಯಾ ಇಲ್ಲ’ ಎಂದು ಬರೆದಿದ್ದರೆ ಪಿ.ಪಿ.ಡಿ. ಇಲ್ಲವೆಂದು ಅರ್ಥವಲ್ಲ. ಅಚ್ಚ ಗೋರಂಟಿ ಬಿಳಿ ಕೂದಲಿಗೆ ಕಿತ್ತಳೆ ಮಿಶ್ರಿತ ಕೆಂಪನ್ನು ಮಾತ್ರ ಕೊಡುತ್ತದೆ, ಕಪ್ಪನ್ನು ಕೊಡುವುದಿಲ್ಲ. ‘ಕಪ್ಪು ಮೆಹಂದಿ’ ಎಂದು ಮಾರುವ ಪುಡಿ ಕೆಲವೇ ನಿಮಿಷಗಳಲ್ಲಿ ಕೂದಲನ್ನು ಕಪ್ಪಾಗಿಸುತ್ತದೆಯೆಂದರೆ ಅದರಲ್ಲಿ ಪಿ.ಪಿ.ಡಿ. ಬೆರೆತಿರುವ ಸಾಧ್ಯತೆ ಹೆಚ್ಚು; ಗಿಡಮೂಲಿಕೆ ಎಂಬ ಹೆಸರನ್ನು ನಂಬಿ ಪರೀಕ್ಷೆಯನ್ನು ಬಿಡಬೇಡಿ. ರಾಸಾಯನಿಕ ಬೇಡವೆನ್ನುವವರು ಮೊದಲು ಗೋರಂಟಿ, ಅದನ್ನು ತೊಳೆದ ಮೇಲೆ ನೀಲಿಗಿಡದ ಎಲೆಯ ಪುಡಿ ಹೀಗೆ ಎರಡು ಹಂತದಲ್ಲಿ ಹಚ್ಚಿದರೆ ಕಂದುಗಪ್ಪು ಬರುತ್ತದೆ. ಗಂಟೆಗಟ್ಟಲೆ ಹಿಡಿಯುವ ಕೆಲಸ, ಆದರೆ ಕೆಲವರಿಗೆ ಅದೇ ಒಗ್ಗುತ್ತದೆ. ಹುಬ್ಬಿಗೆ, ರೆಪ್ಪೆಗೆ ಮಾತ್ರ ಡೈ ಮುಟ್ಟಿಸಲೇಬಾರದು. ಕಣ್ಣಿಗೆ ಹೋದರೆ ದೃಷ್ಟಿಗೇ ಅಪಾಯ.

ಬೇಲೂರು ರಸ್ತೆ ಸಲೂನ್

ನಾನು ಹಾಸನದಲ್ಲಿ ಸಲೂನ್ ನಡೆಸುತ್ತೇನೆ. ಸಂದರ್ಶನದ ಹಿಂದಿನ ಸಂಜೆ ಓಡಿ ಬಂದು “ಕಪ್ಪು ಮಾಡಿಬಿಡಿ” ಎನ್ನುವವರು ಬಹಳ ಮಂದಿ. ಅದು ಸರಿಯಾದ ಕ್ರಮವಲ್ಲ. ಹಚ್ಚಿದ ದಿನ ಹಣೆಯ ಅಂಚಿನಲ್ಲಿ, ಕಿವಿಯ ಮೇಲೆ ಕಲೆ ಉಳಿದಿರುತ್ತದೆ, ಬಣ್ಣವೂ ಎದ್ದು ಕಾಣುತ್ತದೆ. ನಾಲ್ಕೈದು ದಿನ ಮೊದಲೇ ಹಚ್ಚಿಸಿಕೊಂಡರೆ ಎರಡು ಬಾರಿ ತಲೆಗೆ ನೀರು ಬಿದ್ದು ಎಲ್ಲವೂ ಹದಕ್ಕೆ ಬರುತ್ತದೆ.

ಕಡುಗಪ್ಪನ್ನು ಆರಿಸಬೇಡಿ. ಐವತ್ತರ ಹತ್ತಿರದವರಿಗೆ ಗಾಢ ಕಂದು ಒಪ್ಪುತ್ತದೆ. ನಮ್ಮವರ ಮೈಬಣ್ಣಕ್ಕೆ ಅದು ಕಪ್ಪಿನಂತೆಯೇ ಕಾಣುತ್ತದೆ, ಆದರೆ ಮುಖವನ್ನು ಗಡುಸಾಗಿ ತೋರಿಸುವುದಿಲ್ಲ. ಕಿವಿಯ ಪಕ್ಕದ ಬಿಳಿಯನ್ನು ಸ್ವಲ್ಪ ಹಾಗೆಯೇ ಬಿಡಿ ಎಂದು ನಾನು ಗ್ರಾಹಕರಿಗೆ ಹೇಳುತ್ತೇನೆ. ಲೆಕ್ಕಿಗರ ತೊಡಕಿಗೂ ಇದು ಉತ್ತರವಾಗಬಹುದು: ತಲೆಯ ಮೇಲ್ಭಾಗಕ್ಕೆ ಗಾಢ ಕಂದು, ಪಕ್ಕಗಳಲ್ಲಿ ಇರುವಷ್ಟು ಬಿಳಿ. ಬೆಂಗಳೂರಿನವರಿಗೆ ವಯಸ್ಸಾದವರಂತೆ ಕಾಣುವುದಿಲ್ಲ, ಚಿಕ್ಕಮಗಳೂರಿನವರಿಗೆ ಹುಡುಗರಂತೆಯೂ ಕಾಣುವುದಿಲ್ಲ.

ಬಿಡಲಾಗದ ಅಭ್ಯಾಸವೇ ಎಂದು ಕೇಳಿದ್ದೀರಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ನಿಮ್ಮಂತೆ ಮುಕ್ಕಾಲು ಪಾಲು ನರೆತವರಿಗೆ ಮೂರು ವಾರದಲ್ಲಿ ಬೈತಲೆಯ ಬುಡದಲ್ಲಿ ಬಿಳಿ ಗೆರೆ ಕಾಣತೊಡಗುತ್ತದೆ. ಪೂರ್ತಿ ಬಿಳಿ ತಲೆಗಿಂತ ಈ ಬುಡದ ಬಿಳಿಯೇ ಹೆಚ್ಚು ಅಶಿಸ್ತಾಗಿ ಕಾಣುತ್ತದೆ ಎಂಬುದನ್ನು ಖಚಿತವಾಗಿ ಹೇಳಬಲ್ಲೆ. ಆದ್ದರಿಂದ ಕೆಲಸ ಸಿಗುವವರೆಗೆ ತಿಂಗಳಿಗೊಮ್ಮೆ ಬುಡಕ್ಕೆ ಮಾತ್ರ ಹಚ್ಚಿಸುವ ಮನಸ್ಸಿದ್ದರೆ ಶುರು ಮಾಡಿ, ಇಲ್ಲದಿದ್ದರೆ ಬೇಡ. ನಿಲ್ಲಿಸಬೇಕೆನಿಸಿದಾಗ ಗಂಡಸರಿಗೆ ಕಷ್ಟವಿಲ್ಲ. ಕೂದಲನ್ನು ಗಿಡ್ಡವಾಗಿ ಕತ್ತರಿಸುತ್ತ ಬಂದರೆ ಮೂರು ನಾಲ್ಕು ತಿಂಗಳಲ್ಲಿ ಬಣ್ಣವೆಲ್ಲ ಹೋಗಿರುತ್ತದೆ. ಉದ್ದ ಕೂದಲಿನ ಹೆಂಗಸರಿಗೆ ಅದು ವರ್ಷಗಳ ಮಾತು.

ಸಾಲಗಾಮೆ ರಸ್ತೆಯ ನಿವೃತ್ತರು

ಸಲೂನಿನವರ ಮಾತು ನನಗೆ ಹಿಡಿಸಿತು. ನಾನು ವಿರೋಧಿಸಿದ್ದು ಮರೆಮಾಚುವುದನ್ನು. ಪಕ್ಕದ ಬಿಳಿಯನ್ನು ಹಾಗೆಯೇ ಬಿಟ್ಟು ಅಚ್ಚುಕಟ್ಟಾಗಿ ಹೋಗುವುದಕ್ಕೆ ನನ್ನ ತಕರಾರಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಬಣ್ಣ ಬಿಟ್ಟರೆ ಕಚೇರಿಯವರು ಏನೆಂದುಕೊಳ್ಳುತ್ತಾರೆ?

ನೇಮಕಾತಿ ವಿಭಾಗ, ಚಿಕ್ಕಮಗಳೂರು

ಎರಡು ತಿಂಗಳ ಸಂಬಳದ ಪಟ್ಟಿ, ಒಂದು ಆಡಿಟ್ ಸರಿಯಾಗಿ ಮುಗಿಸಿಕೊಟ್ಟವರ ಕೂದಲಿನ ಬಗ್ಗೆ ಯಾರೂ ಏನೂ ಅಂದುಕೊಳ್ಳುವುದಿಲ್ಲ, ಸರ್. ಮೊದಲ ಸುತ್ತಿನ ಅಪರಿಚಿತರಿಗೆ ಕಾಣುವುದು ಕೂದಲು. ಜೊತೆಯಲ್ಲಿ ಕೆಲಸ ಮಾಡುವವರಿಗೆ ಕಾಣುವುದು ಕೆಲಸ.

ಲೆಕ್ಕಿಗರಿಗೆ ಒಂದು ಸಲಹೆ. ಹಾಕಿರುವ ಅರ್ಜಿಗಳನ್ನು ಮುಂದಿಟ್ಟುಕೊಂಡು ನೋಡಿ. ಪರಿಚಯದ ಮೂಲಕ ಹೋದ ಅರ್ಜಿಗಳಿಗೆ ಬಣ್ಣದ ಅಗತ್ಯವೇ ಇಲ್ಲ. ಅಲ್ಲಿ ನಿಮ್ಮ ಹೆಸರು ನಿಮಗಿಂತ ಮೊದಲು ತಲುಪಿರುತ್ತದೆ. ತಾಣಗಳ ಮೂಲಕ, ಗುರುತು ಪರಿಚಯವಿಲ್ಲದ ಕಚೇರಿಗಳಿಗೆ ಹೋದವೇ ಹೆಚ್ಚಾಗಿದ್ದರೆ ಸಲೂನಿನವರು ಹೇಳಿದಂತೆ ಮಾಡಿ. ನಿಮ್ಮ ವಯಸ್ಸಿನಲ್ಲಿ ಹತ್ತು ಅಪರಿಚಿತ ಅರ್ಜಿಗಳಿಗಿಂತ ನಿಮ್ಮ ಹಳೆಯ ಆಡಿಟರ್ ಮಾಡುವ ಒಂದು ಫೋನ್ ಕರೆಗೆ ತೂಕ ಹೆಚ್ಚು. ಹಾಸನದಲ್ಲಿ ಯಾವ ಘಟಕದ ಲೆಕ್ಕಪತ್ರ ಅಸ್ತವ್ಯಸ್ತವಾಗಿದೆ ಎಂಬುದು ಆಡಿಟರ್‌ಗಳಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಹಾಸನದ ಲೆಕ್ಕಿಗ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅರ್ಜಿಗಳಲ್ಲಿ ಬಹುಪಾಲು ಬೆಂಗಳೂರಿನ ಅಪರಿಚಿತ ಕಚೇರಿಗಳಿಗೇ ಹೋಗಿವೆ. ಮಗಳು ಪಿ.ಯು.ಸಿ.ಯಲ್ಲಿದ್ದಾಳೆ, ಅವಳ ಮುಂದಿನ ಓದಿನ ಹೊತ್ತಿಗೆ ಸಂಬಳ ಕೈಗೆ ಬರಲೇಬೇಕು. ಆದ್ದರಿಂದ ಹಚ್ಚಿಸಿಕೊಳ್ಳಲು ತೀರ್ಮಾನಿಸಿದ್ದೇನೆ. ಮೊದಲು ಮೊಣಕೈಯಲ್ಲಿ ಪರೀಕ್ಷೆ, ಒಗ್ಗಿದರೆ ಗಾಢ ಕಂದು, ಪಕ್ಕಗಳನ್ನು ಮುಟ್ಟುವುದಿಲ್ಲ. ಒಗ್ಗದಿದ್ದರೆ ಶಿಕ್ಷಕಿಯವರ ದಾರಿಯೇ ನನ್ನದೂ. ಹಳೆಯ ಆಡಿಟರ್ ಅವರನ್ನು ನಾಳೆಯೇ ಕಾಣುತ್ತೇನೆ. ತಾಣದಲ್ಲಿರುವ ಫೋಟೋವನ್ನೂ ಬದಲಿಸುತ್ತೇನೆ. ಸಲೂನಿನವರಲ್ಲಿ ಒಂದು ಕೊನೆಯ ಪ್ರಶ್ನೆ: ಮೀಸೆ ಪೂರ್ತಿ ಬೆಳ್ಳಗಿದೆ, ಅದಕ್ಕೂ ಹಚ್ಚಬೇಕೇ?

ಬೇಲೂರು ರಸ್ತೆ ಸಲೂನ್

ಮೀಸೆಯ ಕೂದಲು ಒರಟು, ಕೆಳಗಿನ ಚರ್ಮ ಸೂಕ್ಷ್ಮ. ಬಣ್ಣ ಅಲ್ಲಿ ಸರಿಯಾಗಿ ಹಿಡಿಯುವುದಿಲ್ಲ, ಹಿಡಿದರೂ ತುಟಿಯ ಮೇಲೆ ಕಲೆ ಉಳಿಯುತ್ತದೆ. ಬೇಗ ಬೆಳೆದು ಕೆಲವೇ ದಿನಗಳಲ್ಲಿ ಬುಡ ಬೆಳ್ಳಗೆ ಕಾಣುತ್ತದೆ. ತಲೆ ಕಂದು, ಮೀಸೆ ಬಿಳಿ ಎಂದಾದರೆ ಹಚ್ಚಿದ್ದು ಎಲ್ಲರಿಗೂ ಗೊತ್ತಾಗುತ್ತದೆ. ಮನೆಯವರು ಒಪ್ಪಿದರೆ ಸಂದರ್ಶನಗಳು ಮುಗಿಯುವವರೆಗೆ ಮೀಸೆಯನ್ನು ತೆಗೆದುಬಿಡಿ. ಒಪ್ಪದಿದ್ದರೆ ತುಟಿಯ ಅಂಚಿಗೆ ಸರಿಯಾಗಿ ಗಿಡ್ಡ ಮಾಡಿಸಿ, ಸಣ್ಣ ಬ್ರಷ್‌ನಲ್ಲಿ ಚರ್ಮಕ್ಕೆ ತಾಗದಂತೆ ಹಚ್ಚಿಸಬೇಕು. ಮೊಣಕೈಯ ಪರೀಕ್ಷೆ ಮುಗಿಸಿಕೊಂಡು ಭಾನುವಾರ ಬಿಟ್ಟು ಬೇರೆ ದಿನ ಬನ್ನಿ. ಜನ ಕಡಿಮೆ ಇರುವಾಗ ನಿಧಾನವಾಗಿ ಮಾಡಬಹುದು.